ಕರಗಿದ ದವಡೆ ಮೂಳೆಯನ್ನು ಮತ್ತೆ ಕಟ್ಟಿಸಿಕೊಳ್ಳುವವರಿಗೆ: ಹಲ್ಲು ಕೀಳಿಸುವ ದಿನದಿಂದ ಇಂಪ್ಲಾಂಟ್ ಕೂರುವವರೆಗೆ

ಹಲ್ಲು ಕೀಳಿಸಿಕೊಂಡು ನಾಲ್ಕಾರು ವರ್ಷ ಸುಮ್ಮನಿದ್ದು, ಆಮೇಲೆ ಆ ಜಾಗಕ್ಕೆ ಇಂಪ್ಲಾಂಟ್ (ಹಲ್ಲಿನ ಬೇರಿನ ಬದಲಿಗೆ ಮೂಳೆಯೊಳಗೆ ಕೂರಿಸುವ ಲೋಹದ ಬೇರು) ಹಾಕಿಸಿಕೊಳ್ಳೋಣವೆಂದು ಹೊರಟವರಿಗೆ ದಂತವೈದ್ಯರು ಹೇಳುವ ಮೊದಲ ಮಾತು ಅನೇಕ ಸಲ ಹಲ್ಲಿನ ಬಗ್ಗೆ ಇರುವುದಿಲ್ಲ, ಮೂಳೆಯ ಬಗ್ಗೆ ಇರುತ್ತದೆ: ‘ಇಲ್ಲಿ ಮೂಳೆ ಸಾಲದು, ಗ್ರಾಫ್ಟ್ ಮಾಡಬೇಕು.’ ಗ್ರಾಫ್ಟ್ ಎಂದರೇನು, ಅದಕ್ಕೆ ಬಳಸುವ ಪುಡಿ ಎಲ್ಲಿಂದ ಬರುತ್ತದೆ, ಮೇಲೆ ಹೊದಿಸುವ ಪೊರೆ ಒಳಗೇ ಕರಗುತ್ತದೆ ಎಂದರೆ ಕರಗಿ ಎಲ್ಲಿಗೆ ಹೋಗುತ್ತದೆ, ಆರೇಳು ತಿಂಗಳು ಯಾಕೆ ಕಾಯಬೇಕು ಎಂಬ ಪ್ರಶ್ನೆಗಳನ್ನು ಕುರ್ಚಿಯಲ್ಲಿ ಬಾಯಿ ತೆರೆದು ಕೂತಾಗ ಕೇಳುವುದಕ್ಕೆ ಆಗುವುದಿಲ್ಲ. ಮನೆಯಲ್ಲಿ ನಿಧಾನವಾಗಿ ಓದಿಕೊಂಡು, ಕೇಳಬೇಕಾದದ್ದನ್ನು ಬರೆದುಕೊಂಡು ಹೋಗಲು ಅನುಕೂಲವಾಗಲೆಂದು ಈ ಲೇಖನವನ್ನು ಚಿಕಿತ್ಸೆ ನಡೆಯುವ ಕ್ರಮದಲ್ಲೇ ಬರೆದಿದ್ದೇನೆ. ನಿಮ್ಮ ಬಾಯಿಯನ್ನು ನೋಡಿದ ವೈದ್ಯರ ಮಾತಿಗೆ ಇದು ಬದಲಿಯಲ್ಲ.

ಒಂದು ಸಂಗತಿಯನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಗ್ರಾಫ್ಟ್ ಎಂದರೆ ಮೂಳೆ ಕಸಿ, ಮೂಳೆ ಸಾಲದ ಜಾಗಕ್ಕೆ ಮೂಳೆಯನ್ನೋ ಅದರಂಥ ಪುಡಿಯನ್ನೋ ತುಂಬುವುದು. ವೈದ್ಯರು ತುಂಬುವ ಪುಡಿ ಬಹುಪಾಲು ಸಂದರ್ಭಗಳಲ್ಲಿ ಜೀವಂತ ಮೂಳೆಯಲ್ಲ. ಅವರೆಯ ಬಳ್ಳಿಗೆ ಹಾಕಿಕೊಟ್ಟ ಹಂದರದಂಥದು. ಹಬ್ಬಬೇಕಾದ ಬಳ್ಳಿ ನಮ್ಮ ಉಳಿದ ಮೂಳೆಯಿಂದ, ನಮ್ಮ ರಕ್ತದಿಂದ ಬರಬೇಕು. ಆದ್ದರಿಂದ ದುಬಾರಿ ಪುಡಿ ತರಿಸಿದಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಹಬ್ಬಲು ಜಾಗ ಉಳಿದಿದೆಯೇ, ರಕ್ತ ಬರುತ್ತಿದೆಯೇ, ಹಂದರ ಅಲುಗಾಡುತ್ತಿದೆಯೇ, ಮೇಲಿನ ಒಸಡು ಮುಚ್ಚಿಕೊಂಡಿದೆಯೇ ಎಂಬ ನಾಲ್ಕು ವಿಷಯಗಳ ಮೇಲೆ ಇಡೀ ಚಿಕಿತ್ಸೆ ನಿಂತಿದೆ.

ಮೂಳೆ ಕರಗುವುದು ಯಾಕೆ

ಹಲ್ಲಿನ ಬೇರನ್ನು ಹಿಡಿದುಕೊಂಡಿರುವ ದವಡೆಯ ಅಂಚು ಹಲ್ಲಿನ ಜೊತೆಗೇ ಬೆಳೆದು, ಹಲ್ಲು ಹೋದ ಮೇಲೆ ತಾನೂ ಹೋಗುವ ಮೂಳೆ. ಬೇರಿಗೂ ಮೂಳೆಗೂ ನಡುವೆ ಇರುವ ಸಣ್ಣ ನಾರುಗಳು ಅಗಿಯುವಾಗಿನ ಒತ್ತಡವನ್ನು ಮೂಳೆಗೆ ದಾಟಿಸುತ್ತವೆ, ಬೇರು ಕೂತಿರುವ ಗುಳಿಯ ಒಳಗೋಡೆಗೆ ರಕ್ತದ ಪೂರೈಕೆಯ ಒಂದು ಭಾಗವೂ ಅಲ್ಲಿಂದಲೇ ಬರುತ್ತದೆ. ಹಲ್ಲನ್ನು ಕಿತ್ತಾಗ ಇವೆರಡೂ ಒಟ್ಟಿಗೆ ನಿಂತುಹೋಗುತ್ತವೆ. ಹಲ್ಲು ಕಿತ್ತ ಆರು ತಿಂಗಳಲ್ಲಿ ದವಡೆಯ ಅಂಚು ಅಗಲದಲ್ಲಿ ಶೇ 29ರಿಂದ 63ರಷ್ಟು, ಎತ್ತರದಲ್ಲಿ ಶೇ 11ರಿಂದ 22ರಷ್ಟು ಕಳೆದುಕೊಳ್ಳುತ್ತದೆಂದು 2012ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ವರದಿಯೊಂದು ಲೆಕ್ಕ ಹಾಕಿದೆ. ಎತ್ತರಕ್ಕಿಂತ ಅಗಲ ಬೇಗ ಹೋಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಮೇಲ್ದವಡೆಯ ಮುಂಭಾಗದಲ್ಲಿ ತುಟಿಯ ಕಡೆಗಿರುವ ಮೂಳೆಯ ಗೋಡೆ ಬಹಳ ಜನರಲ್ಲಿ 1 ಮಿಲಿಮೀಟರ್‌ಗಿಂತ ತೆಳ್ಳಗಿರುತ್ತದೆ. ಬಾಚಿಹಲ್ಲು ಕಿತ್ತ ಕೆಲವೇ ತಿಂಗಳಲ್ಲಿ ಅಲ್ಲಿ ಒಸಡು ಒಳಕ್ಕೆ ತಗ್ಗಿದಂತೆ ಕಾಣುವುದು ಈ ಕಾರಣದಿಂದ.

‘ಕರಗುವ ಇಂಪ್ಲಾಂಟ್’ ಎಂದರೆ ಯಾವುದು

ಈ ಪದ ಗೊಂದಲ ಹುಟ್ಟಿಸುತ್ತದೆ. ಹಲ್ಲಿನ ಬೇರಿನ ಬದಲಿಗೆ ಕೂರಿಸುವ ಟೈಟಾನಿಯಂ ಇಂಪ್ಲಾಂಟ್ ಕರಗುವುದಿಲ್ಲ, ಕರಗಬಾರದು. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲಗಳ ಮೂಳೆಯೊಳಗೆ ಟೈಟಾನಿಯಂ ಉಪಕರಣ ಇಟ್ಟು ರಕ್ತಸಂಚಾರವನ್ನು ಅಭ್ಯಾಸ ಮಾಡುತ್ತಿದ್ದಾಗ, ಆ ಲೋಹವನ್ನು ಮೂಳೆ ಬಿಗಿಯಾಗಿ ಹಿಡಿದುಕೊಂಡು ತೆಗೆಯಲು ಬಾರದಂತಾದದ್ದನ್ನು ಕಂಡರು. 1965ರಲ್ಲಿ ಗೋಥೆನ್‌ಬರ್ಗಿನಲ್ಲಿ ಮೊದಲ ರೋಗಿಗೆ ಅಂಥ ಇಂಪ್ಲಾಂಟ್ ಕೂರಿಸಿದರು. ಉಳಿದುಕೊಳ್ಳುವುದೇ ಅದರ ಗುಣ.

ಕರಗುವಂಥವು ಬೇರೆ: ಗ್ರಾಫ್ಟ್‌ನ ಮೇಲೆ ಹೊದಿಸುವ ಪೊರೆ, ಅದನ್ನು ಹಿಡಿದಿಡುವ ಸಣ್ಣ ಮೊಳೆ, ಮುರಿದ ಅಥವಾ ಕತ್ತರಿಸಿದ ದವಡೆಯ ತುಂಡುಗಳನ್ನು ಜೋಡಿಸುವ ಪ್ಲೇಟು ಮತ್ತು ಸ್ಕ್ರೂ, ಗುಳಿಗೆ ತುಂಬುವ, ಕೊಲಾಜನ್ ಎಂಬ ಪ್ರೋಟೀನಿನ ಬತ್ತಿ. ಇವುಗಳಲ್ಲಿ ಪೊರೆಯ ಪಾತ್ರ ದೊಡ್ಡದು. ಗಾಯವಾದ ಜಾಗದಲ್ಲಿ ಒಸಡಿನ ಜೀವಕೋಶಗಳು ದಿನದಿನಕ್ಕೆ ಓಡುತ್ತವೆ, ಮೂಳೆಯ ಜೀವಕೋಶಗಳು ತಿಂಗಳುಗಟ್ಟಲೆ ತೆವಳುತ್ತವೆ. ತಡೆಯಿಲ್ಲದಿದ್ದರೆ ಮೂಳೆ ಬರುವ ಮೊದಲೇ ಒಸಡು ಆ ಜಾಗವನ್ನು ತುಂಬಿಬಿಡುತ್ತದೆ. ನಡುವೆ ಪೊರೆಯೊಂದನ್ನು ಬೇಲಿಯಂತೆ ನಿಲ್ಲಿಸಿ ಮೂಳೆಗೆ ಸಮಯ ಕೊಡಿಸಬಹುದೆಂದು 1980ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದರು. ಆಗಿನ ಪೊರೆಗಳು ಟೆಫ್ಲಾನ್ ಜಾತಿಯವು. ಕೆಲಸ ಮುಗಿದ ಮೇಲೆ ಒಸಡನ್ನು ಮತ್ತೆ ಬಿಡಿಸಿ ಹೊರತೆಗೆಯಬೇಕಿತ್ತು. ಇಂದು ಹೆಚ್ಚಾಗಿ ಬಳಸುವ ಕೊಲಾಜನ್ ಪೊರೆಯನ್ನು ದೇಹದ ಕಿಣ್ವಗಳೇ ನಿಧಾನವಾಗಿ ಕತ್ತರಿಸಿ ಕರಗಿಸುತ್ತವೆ. ಪಾಲಿಲ್ಯಾಕ್ಟಿಕ್, ಪಾಲಿಗ್ಲೈಕೋಲಿಕ್ ಆಮ್ಲಗಳಿಂದ ಮಾಡಿದ ಪೊರೆ ಮತ್ತು ಸ್ಕ್ರೂಗಳು ದೇಹದ ನೀರಿನಂಶದಲ್ಲಿ ಒಡೆದು, ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೊರಟುಹೋಗುತ್ತವೆ. ಅನುಕೂಲ ಸ್ಪಷ್ಟ: ಎರಡನೆಯ ಶಸ್ತ್ರಚಿಕಿತ್ಸೆ ತಪ್ಪುತ್ತದೆ. ಅನನುಕೂಲವನ್ನೂ ತಿಳಿದಿರಬೇಕು: ಇವು ಮೆತ್ತಗಿರುವುದರಿಂದ ತಾವಾಗಿಯೇ ಗುಡಾರದಂತೆ ನಿಲ್ಲುವುದಿಲ್ಲ, ಕೆಳಗೆ ತುಂಬಿದ ಪುಡಿಯೇ ಇವನ್ನು ಎತ್ತಿಹಿಡಿಯಬೇಕು. ಎತ್ತರವನ್ನೇ ಹೊಸದಾಗಿ ಕಟ್ಟಬೇಕಾದ ದೊಡ್ಡ ಕೊರತೆಗಳಿಗೆ ಇಂದಿಗೂ ಟೈಟಾನಿಯಂ ಜಾಲರಿ ಅಥವಾ ಟೈಟಾನಿಯಂ ಕಡ್ಡಿ ಸೇರಿಸಿದ, ಕರಗದ ಪೊರೆಯನ್ನು ವೈದ್ಯರು ಆರಿಸಿಕೊಳ್ಳುವುದು ಇದೇ ಕಾರಣಕ್ಕೆ. ಕರಗುವ ಪ್ಲೇಟುಗಳೂ ಲೋಹದಷ್ಟು ಬಲವಿಲ್ಲದವು. ಬೆಳೆಯುವ ಮಕ್ಕಳ ಮುಖದ ಮೂಳೆಗಳಲ್ಲಿ ಅವು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಮೊದಲ ಹೆಜ್ಜೆ: ಹಲ್ಲು ಇನ್ನೂ ಬಾಯಲ್ಲಿರುವಾಗ ಮಾತನಾಡಿ

ಇಡೀ ಲೇಖನದಲ್ಲಿ ಒಂದೇ ಭಾಗವನ್ನು ಓದುವ ವ್ಯವಧಾನವಿರುವವರು ಇದನ್ನು ಓದಲಿ. ಮೂಳೆಯನ್ನು ಕಟ್ಟುವುದಕ್ಕಿಂತ ಇರುವುದನ್ನು ಉಳಿಸಿಕೊಳ್ಳುವುದು ಸುಲಭ, ಅಗ್ಗ ಮತ್ತು ನೋವು ಕಡಿಮೆ. ಹಲ್ಲನ್ನು ಕೀಳಲೇಬೇಕೆಂದು ತೀರ್ಮಾನವಾದಾಗ, ಅಲ್ಲಿ ಮುಂದೆ ಇಂಪ್ಲಾಂಟ್ ಹಾಕಿಸುವ ಆಲೋಚನೆ ನಿಮಗಿದೆಯೆಂದು ವೈದ್ಯರಿಗೆ ಅಂದೇ ಹೇಳಿ. ಹಾಗೆ ಹೇಳಿದರೆ ಹಲ್ಲನ್ನು ಕೀಳುವ ರೀತಿಯೇ ಬದಲಾಗುತ್ತದೆ. ಹೊರಗೋಡೆಯ ಮೇಲೆ ಒತ್ತಿ ಅಲುಗಿಸುವ ಬದಲು ಬೇರಿನ ಸುತ್ತಲಿನ ನಾರುಗಳನ್ನು ತೆಳುವಾದ ಉಪಕರಣದಿಂದ ಬಿಡಿಸಿ, ಎರಡು ಮೂರು ಬೇರುಗಳಿದ್ದರೆ ಹಲ್ಲನ್ನು ತುಂಡು ಮಾಡಿ ಒಂದೊಂದಾಗಿ ತೆಗೆಯುತ್ತಾರೆ. ಗುಳಿಯಲ್ಲಿರುವ ಸೋಂಕಿನ ಅಂಗಾಂಶವನ್ನು ಕೆರೆದು ಶುಚಿ ಮಾಡಿ, ಪುಡಿಯನ್ನು ಹೆಚ್ಚು ಅದುಮದೆ ತುಂಬಿ, ಕೊಲಾಜನ್ ಪೊರೆ ಹೊದಿಸಿ ಹೊಲಿಗೆ ಹಾಕುತ್ತಾರೆ.

ಇದರಿಂದ ಮೂಳೆ ಕರಗುವುದು ಪೂರ್ತಿ ನಿಲ್ಲುವುದಿಲ್ಲ; ಕಡಿಮೆಯಾಗುತ್ತದೆ, ಅಷ್ಟೇ. ಎಲ್ಲ ಗುಳಿಗೂ ಇದು ಬೇಕೆಂದೂ ಇಲ್ಲ. ಬುದ್ಧಿಹಲ್ಲು ಕಿತ್ತ ಜಾಗಕ್ಕೆ ಸಾಮಾನ್ಯವಾಗಿ ಏನೂ ತುಂಬಬೇಕಾಗಿಲ್ಲ. ನಾಲ್ಕೂ ಗೋಡೆಗಳು ದಪ್ಪವಾಗಿ ಉಳಿದಿರುವ ದವಡೆ ಹಲ್ಲಿನ ಗುಳಿ ತನ್ನ ರಕ್ತದ ಹೆಪ್ಪಿನಿಂದಲೇ ಚೆನ್ನಾಗಿ ತುಂಬಿಕೊಳ್ಳುತ್ತದೆ. ಆದ್ದರಿಂದ ‘ಎಷ್ಟು ಗೋಡೆ ಉಳಿದಿದೆ?’ ಎಂದು ಕೇಳುವುದು ಒಳ್ಳೆಯ ಪ್ರಶ್ನೆ. ತುಂಬಲೇಬೇಕೋ ಬೇಡವೋ ಎಂಬುದು ಅದರ ಉತ್ತರದಲ್ಲಿದೆ.

ಎರಡನೆಯ ಹೆಜ್ಜೆ: ಅಳತೆ, ಮತ್ತು ನಿಮ್ಮ ಔಷಧಗಳ ಪಟ್ಟಿ

ಇಡೀ ದವಡೆಯನ್ನು ಹಾಳೆಯಂತೆ ಹರಡಿ ತೋರಿಸುವ ಒಪಿಜಿ ಎಕ್ಸ್‌ರೇಯಲ್ಲಿ ಮೂಳೆಯ ಎತ್ತರ ಕಾಣುತ್ತದೆ, ಅಗಲ ಕಾಣುವುದಿಲ್ಲ. ಮೊದಲು ಕರಗುವುದೇ ಅಗಲ. ಹೀಗಾಗಿ ದವಡೆಯನ್ನು ಅಡ್ಡಲಾಗಿ ಸೀಳಿ ನೋಡಿದಂತೆ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಬೇಕಾಗುತ್ತದೆ. ಲೆಕ್ಕ ಕಷ್ಟದ್ದಲ್ಲ: 4 ಮಿಲಿಮೀಟರ್ ದಪ್ಪದ ಇಂಪ್ಲಾಂಟ್‌ಗೆ ಎರಡೂ ಬದಿಯಲ್ಲಿ ಕನಿಷ್ಠ ಒಂದೂವರೆ ಮಿಲಿಮೀಟರ್ ಮೂಳೆ ಇರಬೇಕೆಂದರೆ ಒಟ್ಟು ಅಗಲ 7 ಮಿಲಿಮೀಟರ್ ಆಗುತ್ತದೆ. ಕೆಳದವಡೆಯೊಳಗೆ ತುಟಿ ಮತ್ತು ಗಲ್ಲಕ್ಕೆ ಸ್ಪರ್ಶ ಕೊಡುವ ನರ ಹಾದುಹೋಗುತ್ತದೆ. ಇಂಪ್ಲಾಂಟ್‌ನ ತುದಿ ಅದರಿಂದ 2 ಮಿಲಿಮೀಟರ್ ದೂರ ನಿಲ್ಲಬೇಕು. ಮೇಲ್ದವಡೆಯ ಹಿಂಭಾಗದಲ್ಲಿ ಸೈನಸ್ ಎಂಬ ಗಾಳಿಯ ಕೋಣೆ ಇದೆ. ಹಲ್ಲು ಹೋದ ಮೇಲೆ ಆ ಕೋಣೆಯ ನೆಲವೂ ಕೆಳಕ್ಕೆ ಇಳಿಯುವುದರಿಂದ ಅಲ್ಲಿ ಮೂಳೆ ಎರಡೂ ಕಡೆಯಿಂದ ತೆಳ್ಳಗಾಗುತ್ತದೆ. ಸ್ಕ್ಯಾನ್‌ನ ಚಿತ್ರವನ್ನು ತೋರಿಸಿ ನಿಮ್ಮ ಅಳತೆ ಎಷ್ಟೆಂದು ಹೇಳಲು ವೈದ್ಯರನ್ನು ಕೇಳಿ.

ಔಷಧಗಳ ವಿಷಯದಲ್ಲಿ ಒಂದನ್ನೂ ಮುಚ್ಚಿಡಬಾರದು. ಮೂಳೆ ಸವೆತಕ್ಕೆ ಅಥವಾ ಕ್ಯಾನ್ಸರ್ ಮೂಳೆಗೆ ಹರಡಿದಾಗ ಕೊಡುವ ಅಲೆಂಡ್ರೊನೇಟ್, ಝೊಲೆಡ್ರೊನಿಕ್ ಆಮ್ಲದಂಥ ಔಷಧಗಳು ಮತ್ತು ಡೆನೊಸುಮ್ಯಾಬ್ ಇಂಜೆಕ್ಷನ್ ಮೂಳೆಯ ಸಹಜ ಸವೆತ ಮತ್ತು ದುರಸ್ತಿಯನ್ನು ನಿಧಾನಗೊಳಿಸುತ್ತವೆ. ಇವನ್ನು ಪಡೆದವರ ದವಡೆಗೆ ಶಸ್ತ್ರಚಿಕಿತ್ಸೆ ಮಾಡಿದಾಗ ಮೂಳೆ ಸತ್ತು ಹೊರಗೆ ತೆರೆದುಕೊಳ್ಳುವ ತೊಂದರೆ ಬರಬಹುದೆಂದು 2003ರಿಂದ ವೈದ್ಯಲೋಕಕ್ಕೆ ತಿಳಿದಿದೆ. ವರ್ಷಕ್ಕೊಮ್ಮೆ ಸಲೈನ್ ಜೊತೆ ಕೊಟ್ಟ ಇಂಜೆಕ್ಷನ್ ಆದ್ದರಿಂದ ಎಷ್ಟೋ ಹಿರಿಯರಿಗೆ ಅದು ಔಷಧವೆಂದೇ ನೆನಪಿರುವುದಿಲ್ಲ. ಮನೆಯಲ್ಲಿ ಅಮ್ಮನಿಗೋ ಅಜ್ಜಿಗೋ ಈ ಚಿಕಿತ್ಸೆ ಮಾಡಿಸುವವರು ಹಳೆಯ ಚೀಟಿಗಳನ್ನು ಹುಡುಕಿ ಜೊತೆಗೆ ಒಯ್ಯಬೇಕು. ಮುಖಕ್ಕೆ, ಕತ್ತಿಗೆ ರೇಡಿಯೇಷನ್ ಆಗಿದ್ದರೆ ಅದನ್ನೂ ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬಾರದು. ಆ ತೀರ್ಮಾನ ಹೃದಯದ ವೈದ್ಯರೂ ದಂತವೈದ್ಯರೂ ಸೇರಿ ಮಾಡಬೇಕಾದದ್ದು.

ಸಕ್ಕರೆ ಕಾಯಿಲೆ ಹತೋಟಿಯಲ್ಲಿರುವವರಿಗೆ ಮೂಳೆ ಕಸಿ ಮಾಡಬಹುದು. ಹತೋಟಿ ತಪ್ಪಿದ್ದರೆ ಗಾಯ ಮಾಯುವುದು ನಿಧಾನವಾಗುತ್ತದೆ, ಸೋಂಕು ಬೇಗ ಹಿಡಿಯುತ್ತದೆ. ಅಂದಿನ ರಕ್ತಪರೀಕ್ಷೆಗಿಂತ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ವರದಿ ಇಲ್ಲಿ ಹೆಚ್ಚು ಉಪಯುಕ್ತ. ಬೀಡಿ ಸಿಗರೇಟು ಸೇದುವವರಲ್ಲಿ ಒಸಡಿನ ರಕ್ತನಾಳಗಳು ಸಂಕುಚಿಸುವುದರಿಂದ ಗ್ರಾಫ್ಟ್ ಸೋಲುವ ಸಾಧ್ಯತೆ ಹೆಚ್ಚು. ನಮ್ಮ ಕಡೆ ಇದಕ್ಕೆ ಇನ್ನೊಂದನ್ನು ಸೇರಿಸಬೇಕು. ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯುವುದೇ ಕಷ್ಟವಾಗುವ ರೋಗ ಬರುತ್ತದೆ. ಮೂರು ಬೆರಳು ಉದ್ದಕ್ಕೆ ನಿಲ್ಲಿಸಿದಷ್ಟು ಬಾಯಿ ತೆರೆಯಲು ಬಾರದಿದ್ದರೆ ಉಪಕರಣವೇ ಒಳಗೆ ಹೋಗುವುದಿಲ್ಲ. ಅಂಥವರಿಗೆ ಮೊದಲು ಆ ರೋಗಕ್ಕೆ ಚಿಕಿತ್ಸೆಯಾಗಬೇಕು. ಒಸಡಿನಲ್ಲಿ ಕೀವು, ರಕ್ತಸ್ರಾವ ಇರುವವರಿಗೂ ಅದೇ ಮಾತು: ಪಕ್ಕದ ಹಲ್ಲುಗಳ ಸುತ್ತ ಮೂಳೆ ಕರಗುತ್ತಲೇ ಇರುವಾಗ ನಡುವೆ ಹೊಸ ಮೂಳೆ ಕಟ್ಟಲು ಹೊರಡುವುದು ವ್ಯರ್ಥ.

ಮೂರನೆಯ ಹೆಜ್ಜೆ: ಪುಡಿ ಯಾವುದು, ಪೊರೆ ಯಾವುದರದು

ಗ್ರಾಫ್ಟ್ ಸಾಮಗ್ರಿ ನಾಲ್ಕು ಮೂಲಗಳಿಂದ ಬರುತ್ತದೆ. ನಿಮ್ಮದೇ ಮೂಳೆ ಮೊದಲನೆಯದು. ಕೆಳದವಡೆಯ ಹಿಂಭಾಗ, ಗಲ್ಲ, ದೊಡ್ಡ ಕೊರತೆಗೆ ಸೊಂಟದ ಮೂಳೆ, ಹೀಗೆ ಬೇರೊಂದು ಕಡೆಯಿಂದ ತೆಗೆದು ಇಡುತ್ತಾರೆ. ಜೀವಂತ ಕೋಶಗಳು ಇರುವುದು ಇದರಲ್ಲಿ ಮಾತ್ರ, ಆದ್ದರಿಂದ ಉಳಿದವನ್ನು ಇದಕ್ಕೆ ಹೋಲಿಸಿಯೇ ಅಳೆಯುತ್ತಾರೆ. ಎರಡು ಕಡೆ ಗಾಯವಾಗುವುದು, ಗಲ್ಲದಿಂದ ತೆಗೆದಾಗ ಕೆಳಗಿನ ಮುಂದಿನ ಹಲ್ಲುಗಳಲ್ಲಿ ಸ್ವಲ್ಪ ಕಾಲ ಜೋಮು ಬರುವುದು, ತಂದಿಟ್ಟ ಮೂಳೆಯಲ್ಲಿ ಒಂದು ಭಾಗ ಕರಗಿಹೋಗುವುದು ಇದರ ತೊಡಕುಗಳು.

ಎರಡನೆಯದು ದಾನಿಗಳ ಮೂಳೆ. ಪರೀಕ್ಷಿಸಿ, ಸಂಸ್ಕರಿಸಿ, ಶೈತ್ಯದಲ್ಲಿ ಒಣಗಿಸಿ ಇಟ್ಟ ಮಾನವ ಮೂಳೆಯ ಪುಡಿ ಇದು. ಸುಣ್ಣದಂಶ ತೆಗೆದ ಮೂಳೆಯನ್ನು ಸ್ನಾಯುವಿನೊಳಗೆ ಇಟ್ಟರೂ ಅಲ್ಲಿ ಹೊಸ ಮೂಳೆ ಹುಟ್ಟುತ್ತದೆಂದು ಅಮೆರಿಕದ ಮಾರ್ಷಲ್ ಯೂರಿಸ್ಟ್ 1965ರಲ್ಲಿ ತೋರಿಸಿದ ಮೇಲೆ ಇಂಥ ಪುಡಿಗೆ ಬೆಲೆ ಬಂತು. ನಮ್ಮ ದೇಶದಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ಬ್ಯಾಂಕ್ 1988ರಿಂದ ವಿಕಿರಣದಿಂದ ಶುದ್ಧೀಕರಿಸಿದ ಮೂಳೆಯನ್ನು ಒದಗಿಸುತ್ತಿದೆ.

ಮೂರನೆಯದು ಪ್ರಾಣಿಮೂಲ, ಹೆಚ್ಚಾಗಿ ದನದ ಮೂಳೆ. ಅದರಲ್ಲಿನ ಜೈವಿಕ ಅಂಶವನ್ನೆಲ್ಲ ತೆಗೆದು ಖನಿಜದ ಹಂದರ ಮಾತ್ರ ಉಳಿಸುತ್ತಾರೆ. ಇದು ಬಹಳ ನಿಧಾನವಾಗಿ ಕರಗುತ್ತದೆ, ವರ್ಷಗಳ ನಂತರವೂ ಕಣಗಳು ಹೊಸ ಮೂಳೆಯ ನಡುವೆ ಕಾಣುತ್ತವೆ. ಆಕಾರ ಕುಗ್ಗದಂತೆ ಉಳಿಯಬೇಕಾದ ಕಡೆ, ಅಂದರೆ ಮುಂದಿನ ಹಲ್ಲುಗಳ ಹೊರಭಾಗದಲ್ಲಿ ಮತ್ತು ಸೈನಸ್‌ನೊಳಗೆ, ಈ ನಿಧಾನವೇ ಲಾಭ. ನಾಲ್ಕನೆಯದು ಕೃತಕ ಸಾಮಗ್ರಿ: ಹೈಡ್ರಾಕ್ಸಿಅಪಟೈಟ್, ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಕ್ಯಾಲ್ಸಿಯಂ ಖನಿಜಗಳು, 1969ರಲ್ಲಿ ಅಮೆರಿಕದ ಲ್ಯಾರಿ ಹೆಂಚ್ ಕಂಡುಹಿಡಿದ, ಮೂಳೆಗೆ ಅಂಟಿಕೊಳ್ಳುವ ಗಾಜು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯೂ ಇಂಥ ಸೆರಾಮಿಕ್ ಮೂಳೆಪುಡಿಯನ್ನು ಅಭಿವೃದ್ಧಿಪಡಿಸಿದೆ. ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬೇಗ ಕರಗಿ ಜಾಗ ಬಿಟ್ಟುಕೊಡುತ್ತದೆ, ಹೈಡ್ರಾಕ್ಸಿಅಪಟೈಟ್ ಹಟ ಹಿಡಿದು ಉಳಿಯುತ್ತದೆ. ಎರಡನ್ನೂ ಬೆರೆಸಿದ ಪುಡಿಗಳು ಇರುವುದು ಇದರಿಂದಲೇ. ಅನೇಕ ವೈದ್ಯರು ಸ್ವಂತ ಮೂಳೆಯ ತರಿಯನ್ನೂ ತರಿಸಿದ ಪುಡಿಯನ್ನೂ ಕಲಸಿ ಬಳಸುತ್ತಾರೆ.

ಇಲ್ಲಿ ಒಂದು ಸೂಕ್ಷ್ಮ ವಿಷಯವಿದೆ, ಅದನ್ನು ಸಂಕೋಚದಿಂದ ಬಿಟ್ಟುಬಿಡುವುದು ಸರಿಯಲ್ಲವೆಂದು ನನಗನ್ನಿಸುತ್ತದೆ. ಕೊಲಾಜನ್ ಪೊರೆಗಳಲ್ಲಿ ಬಹಳಷ್ಟು ಹಂದಿಯ ಅಥವಾ ದನದ ಅಂಗಾಂಶದಿಂದ ಮಾಡಿದವು. ಮೀನಿನ ಕೊಲಾಜನ್‌ನಿಂದ ಮಾಡಿದವೂ ಸಿಗುತ್ತವೆ. ಸಸ್ಯಾಹಾರಿಗಳಿಗೆ, ಹಂದಿ ನಿಷಿದ್ಧವಾದವರಿಗೆ, ದನದ್ದು ಬೇಡವೆನ್ನುವವರಿಗೆ ಇದು ಚಿಕಿತ್ಸೆಗೆ ಮೊದಲೇ ಗೊತ್ತಾಗಬೇಕು. ಆಮೇಲೆ ಗೊತ್ತಾಗಿ ಮನಸ್ಸು ಕೆಡಿಸಿಕೊಂಡರೆ ಒಳಗಿಟ್ಟದ್ದನ್ನು ತೆಗೆಯುವುದು ಹೇಗೆ? ‘ಡಾಕ್ಟ್ರೇ, ಈ ಪುಡಿ ಮತ್ತು ಪೊರೆ ಯಾವುದರಿಂದ ಮಾಡಿದ್ದು?’ ಎಂದು ನೇರವಾಗಿ ಕೇಳಿ. ಬೇಡವಾದರೆ ಸ್ವಂತ ಮೂಳೆ, ಕೃತಕ ಪುಡಿ, ಪಾಲಿಲ್ಯಾಕ್ಟಿಕ್ ಪೊರೆ ಮುಂತಾದ ಬೇರೆ ದಾರಿಗಳಿವೆ. ಕೆಲವು ಸಂದರ್ಭಗಳಲ್ಲಿ ಅವು ಅಷ್ಟೇ ಒಳ್ಳೆಯ ಫಲ ಕೊಡುತ್ತವೆ, ಕೆಲವು ಕಡೆ ವೈದ್ಯರು ಯೋಜನೆಯನ್ನೇ ಸ್ವಲ್ಪ ಬದಲಿಸಬೇಕಾಗುತ್ತದೆ.

ಪಿಆರ್‌ಎಫ್ ಎಂಬ ಹೆಸರನ್ನೂ ನೀವು ಕೇಳುವಿರಿ. ನಿಮ್ಮ ತೋಳಿನಿಂದ ತೆಗೆದ ರಕ್ತವನ್ನು ಏನೂ ಬೆರೆಸದೆ ಯಂತ್ರದಲ್ಲಿ ಗಿರಗಿರನೆ ತಿರುಗಿಸಿದಾಗ ನಡುವೆ ಉಳಿಯುವ ಹಳದಿ ಹೆಪ್ಪು ಅದು. ಫ್ರಾನ್ಸಿನ ಜೋಸೆಫ್ ಶುಕ್ರೂನ್ 2001ರಲ್ಲಿ ಈ ಕ್ರಮವನ್ನು ರೂಪಿಸಿದರು. ಒಸಡು ಬೇಗ ಮಾಯಲು ಸಹಾಯಕ, ಖರ್ಚೂ ಕಡಿಮೆ. ಆದರೆ ಒಂದೆರಡು ವಾರದಲ್ಲಿ ಕರಗಿಹೋಗುವ ಈ ಹೆಪ್ಪು ತಿಂಗಳುಗಟ್ಟಲೆ ಬೇಲಿಯಾಗಿ ನಿಲ್ಲಲಾರದು. ದೊಡ್ಡ ಕೊರತೆಗೆ ಇದೊಂದೇ ಸಾಕೆಂದು ಯಾರಾದರೂ ಹೇಳಿದರೆ ಇನ್ನೊಬ್ಬರನ್ನು ಕೇಳಿ ನೋಡುವುದು ಒಳ್ಳೆಯದು.

ನಾಲ್ಕನೆಯ ಹೆಜ್ಜೆ: ಶಸ್ತ್ರಚಿಕಿತ್ಸೆಯ ದಿನ

ಒಂದೆರಡು ಹಲ್ಲಿನ ಜಾಗವಾದರೆ ಆ ಭಾಗವನ್ನಷ್ಟೇ ಮರಗಟ್ಟಿಸಿ ಮಾಡುತ್ತಾರೆ. ಕೊರತೆ ಚಿಕ್ಕದಾಗಿದ್ದು ಇಂಪ್ಲಾಂಟ್ ಅಲುಗದಂತೆ ನಿಲ್ಲುವಷ್ಟು ಮೂಳೆಯಿದ್ದರೆ ಇಂಪ್ಲಾಂಟ್ ಮತ್ತು ಗ್ರಾಫ್ಟ್ ಎರಡೂ ಒಂದೇ ದಿನ ಆಗುತ್ತವೆ. ಇಲ್ಲದಿದ್ದರೆ ಮೊದಲು ಮೂಳೆ, ತಿಂಗಳುಗಳ ನಂತರ ಇಂಪ್ಲಾಂಟ್. ಒಸಡನ್ನು ಬಿಡಿಸಿ, ಗಟ್ಟಿಯಾದ ಹೊರಮೂಳೆಯಲ್ಲಿ ಸಣ್ಣ ಸಣ್ಣ ರಂಧ್ರ ಕೊರೆಯುತ್ತಾರೆ. ಒಳಗಿನ ಮಜ್ಜೆಯ ರಕ್ತ ಪುಡಿಯವರೆಗೆ ಬರಲೆಂಬುದು ಅದರ ಉದ್ದೇಶ. ಪುಡಿ ತುಂಬಿ, ಕೊರತೆಯ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಆಚೆಗೂ ಚಾಚುವಂತೆ ಪೊರೆ ಹೊದಿಸಿ, ಅದು ಸರಿಯದಂತೆ ಹೊಲಿಗೆಯಿಂದಲೋ ಮೊಳೆಯಿಂದಲೋ ಬಿಗಿಯುತ್ತಾರೆ. ಒಳಗೆ ಗಾತ್ರ ಹೆಚ್ಚಿರುವುದರಿಂದ ಒಸಡನ್ನು ಹಾಗೆಯೇ ಎಳೆದು ಹೊಲಿದರೆ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಒಳಪದರದಲ್ಲಿ ಒಂದು ಸೀಳು ಕೊಟ್ಟು ಒಸಡನ್ನು ಸಡಿಲ ಮಾಡಿಕೊಂಡು ಮುಚ್ಚಬೇಕು. ವೈದ್ಯರ ಕೈಚಳಕ ಗೊತ್ತಾಗುವುದು ಈ ಹೊಲಿಗೆಯಲ್ಲೇ.

ಮೇಲ್ದವಡೆಯ ಹಿಂಭಾಗದಲ್ಲಿ ಸೈನಸ್‌ನ ನೆಲವನ್ನು ಎತ್ತುವ ಕ್ರಮ ಬೇರೆ. ಅಮೆರಿಕದ ಹಿಲ್ಟ್ ಟೇಟಮ್ 1970ರ ದಶಕದಲ್ಲಿ ಆರಂಭಿಸಿ, 1980ರಲ್ಲಿ ಬಾಯ್ನ್ ಮತ್ತು ಜೇಮ್ಸ್ ಎಂಬ ವೈದ್ಯರ ಬರಹದ ಮೂಲಕ ಪ್ರಕಟಗೊಂಡ ಈ ವಿಧಾನದಲ್ಲಿ, ಪಕ್ಕದ ಮೂಳೆಯಲ್ಲಿ ಸಣ್ಣ ಕಿಟಕಿ ತೆರೆದು, ಮೊಟ್ಟೆಯ ಒಳಪೊರೆಯಷ್ಟು ತೆಳುವಾದ ಸೈನಸ್‌ನ ಒಳಪದರವನ್ನು ಹರಿಯದಂತೆ ಮೇಲೆತ್ತಿ, ಕೆಳಗಾದ ಜಾಗಕ್ಕೆ ಪುಡಿ ತುಂಬುತ್ತಾರೆ. ಐದಾರು ಮಿಲಿಮೀಟರ್ ಮೂಳೆ ಉಳಿದಿದ್ದರೆ ಕಿಟಕಿಯಿಲ್ಲದೆ, ಇಂಪ್ಲಾಂಟ್‌ಗೆ ಕೊರೆದ ರಂಧ್ರದಿಂದಲೇ ಎತ್ತಬಹುದು. ಆ ಒಳಪದರ ಹರಿಯುವುದು ಈ ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ತೊಡಕು. ಚಿಕ್ಕ ತೂತನ್ನು ಕೊಲಾಜನ್ ಪೊರೆಯಿಂದ ಮುಚ್ಚಿ ಮುಂದುವರಿಯುತ್ತಾರೆ, ದೊಡ್ಡದಾದರೆ ಅಂದಿಗೆ ನಿಲ್ಲಿಸುತ್ತಾರೆ. ನಿಲ್ಲಿಸಿದರೆಂದು ಬೇಸರಪಡಬೇಡಿ, ಅದು ಸರಿಯಾದ ನಿರ್ಧಾರ.

ಹೊರಡುವ ಮೊದಲು ಪುಡಿ ಮತ್ತು ಪೊರೆಯ ಡಬ್ಬಿಯ ಮೇಲಿನ ಚೀಟಿಗಳನ್ನು ಕೇಳಿ ಪಡೆದು ಕಡತದಲ್ಲಿ ಅಂಟಿಸಿಕೊಳ್ಳಿ. ಬಳಸಿದ್ದು ಯಾವ ಹೆಸರಿನದು, ಯಾವ ಬ್ಯಾಚಿನದು ಎಂಬುದಕ್ಕೆ ಅದೇ ದಾಖಲೆ.

ಐದನೆಯ ಹೆಜ್ಜೆ: ಮೊದಲ ಎರಡು ವಾರ

ಇಲ್ಲಿಂದ ಮುಂದಿನ ಹೊಣೆ ಬಹುಪಾಲು ನಿಮ್ಮದು. ಮೊದಲ ದಿನ ಬಾಯಿ ಮುಕ್ಕಳಿಸಬಾರದು, ಜೋರಾಗಿ ಉಗುಳಬಾರದು, ಸ್ಟ್ರಾದಿಂದ ಎಳನೀರು ಕುಡಿಯಬಾರದು. ಹೀರುವ ಬಲಕ್ಕೆ ಹೆಪ್ಪುಗಟ್ಟಿದ ರಕ್ತ ಕಿತ್ತುಬರುತ್ತದೆ. ಹೊರಗಿನಿಂದ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಬಿಟ್ಟು ಬಿಟ್ಟು ಇಟ್ಟುಕೊಳ್ಳುವುದು ಮೊದಲ ಒಂದೆರಡು ದಿನ ಮಾತ್ರ ಪ್ರಯೋಜನಕಾರಿ. ಊತ ಎರಡು ಮೂರನೆಯ ದಿನ ಹೆಚ್ಚಾಗಿ ಆಮೇಲೆ ಇಳಿಯುತ್ತದೆ. ಕನ್ನಡಿ ನೋಡಿ ಗಾಬರಿಯಾಗಬೇಕಿಲ್ಲ. ಎರಡನೆಯ ದಿನದಿಂದ ವೈದ್ಯರು ಹೇಳಿದ ಕ್ಲೋರ್‌ಹೆಕ್ಸಿಡಿನ್ ದ್ರವವನ್ನು ಬಾಯಲ್ಲಿ ಹಿಡಿದು ಮೆಲ್ಲನೆ ಹೊರಬಿಡಬೇಕು. ಉಳಿದ ಹಲ್ಲುಗಳನ್ನು ಎಂದಿನಂತೆ ಉಜ್ಜಬಹುದು, ಹೊಲಿಗೆಯ ಜಾಗವನ್ನು ಮುಟ್ಟಬಾರದು.

ಊಟಕ್ಕೆ ತೊಂದರೆಯಿಲ್ಲ, ನಮ್ಮ ಅಡುಗೆಯಲ್ಲೇ ಬೇಕಾದಷ್ಟಿದೆ: ಆರಿದ ರಾಗಿ ಅಂಬಲಿ, ಮೊಸರನ್ನ, ಹಾಲಿನಲ್ಲಿ ನೆನೆಸಿದ ಇಡ್ಲಿ, ತೆಳುವಾದ ಹೆಸರುಬೇಳೆ ತೊವ್ವೆ, ಮೆತ್ತಗೆ ಬೇಯಿಸಿದ ಮೊಟ್ಟೆ. ಬಿಸಿ ಕಾಫಿ ಮತ್ತು ಖಾರದ ಸಾರನ್ನು ಕೆಲವು ದಿನ ಬಿಡಬೇಕು. ಚಕ್ಕುಲಿ, ನಿಪ್ಪಟ್ಟು, ಹಪ್ಪಳದ ಚೂರು, ಎಳ್ಳು, ಒಗ್ಗರಣೆಯ ಸಾಸಿವೆ ಹೊಲಿಗೆಯ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಮುದ್ದೆ ನುಂಗುವ ಅಭ್ಯಾಸವಿರುವವರಿಗೆ ಒಂದು ವಾರದ ನಂತರ, ಮತ್ತೊಂದು ಬದಿಯಲ್ಲಿ, ಅಡ್ಡಿಯಿಲ್ಲ.

ಸೈನಸ್ ಎತ್ತಿಸಿಕೊಂಡವರು ಎರಡು ವಾರ ಮೂಗು ಸೀಟಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಭಸ್ತ್ರಿಕಾ, ಕಪಾಲಭಾತಿ ಮಾಡುವವರು, ಶಂಖ ಊದುವವರು, ನಾಗಸ್ವರ ನುಡಿಸುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಿ ಎಷ್ಟು ದಿನ ನಿಲ್ಲಿಸಬೇಕೆಂದು ಕೇಳಿಕೊಳ್ಳಬೇಕು. ಒಳಗೆ ಗಾಳಿಯ ಒತ್ತಡ ಏರಿದರೆ ತುಂಬಿದ ಪುಡಿ ಜರುಗುತ್ತದೆ. ತೆಗೆದು ಹಾಕುವ ಹಲ್ಲಿನ ಸೆಟ್ಟನ್ನು ಗ್ರಾಫ್ಟ್‌ನ ಮೇಲೆ ಹಾಕಿಕೊಳ್ಳುವುದಂತೂ ವೈದ್ಯರು ಅದರ ಒಳಭಾಗವನ್ನು ಕೆರೆದು ಸಡಿಲ ಮಾಡಿಕೊಡುವವರೆಗೆ ಕೂಡದು. ನಾಲ್ಕು ಜನರ ಎದುರಿಗೆ ಹೋಗಬೇಕೆಂದು ಒಂದೇ ಸಂಜೆ ಸೆಟ್ ಹಾಕಿಕೊಂಡರೂ ಆ ಒತ್ತಡಕ್ಕೆ ಹೊಲಿಗೆ ಬಿಚ್ಚಿಕೊಳ್ಳಬಹುದು.

ಮೊದಲ ದಿನಗಳಲ್ಲಿ ಉಪ್ಪಿನ ಹರಳಿನಂಥ ಕೆಲವು ಕಣಗಳು ಬಾಯಿಗೆ ಬಂದರೆ ಅದು ಸಾಮಾನ್ಯ. ಊತ ನಾಲ್ಕನೆಯ ದಿನದ ನಂತರವೂ ಏರುತ್ತಿದ್ದರೆ, ಜ್ವರ ಬಂದರೆ, ಕೀವು ಅಥವಾ ಕೆಟ್ಟ ರುಚಿ ಕಾಣಿಸಿಕೊಂಡರೆ, ಅರಿವಳಿಕೆ ಇಳಿದ ಮೇಲೂ ತುಟಿ ಜೋಮುಗಟ್ಟಿದ್ದರೆ, ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಅಂದೇ ಫೋನ್ ಮಾಡಬೇಕು. ಹೊಲಿಗೆ ಬಿಟ್ಟು ಬೆಳ್ಳಗಿನ ಪೊರೆ ಕಂಡರೂ ತಿಳಿಸಿ. ಕೊಲಾಜನ್ ಪೊರೆಯಾದರೆ ಶುಚಿಯಾಗಿಟ್ಟುಕೊಂಡಲ್ಲಿ ಅದರ ಮೇಲೆ ಒಸಡು ಸಾಮಾನ್ಯವಾಗಿ ಮತ್ತೆ ಹಬ್ಬುತ್ತದೆ, ಮೂಳೆ ಸ್ವಲ್ಪ ಕಡಿಮೆ ಬರಬಹುದು. ಕರಗದ ಪೊರೆ ಹೊರಗೆ ಕಂಡರೆ ಸೋಂಕು ಹಿಡಿದು ಬೇಗನೆ ತೆಗೆಸಬೇಕಾಗಬಹುದು.

ಆರನೆಯ ಹೆಜ್ಜೆ: ಕಾಯುವುದು

ಹಲ್ಲಿನ ಗುಳಿ ತುಂಬಿಸಿದ್ದರೆ ನಾಲ್ಕರಿಂದ ಆರು ತಿಂಗಳು, ಮೂಳೆಯ ತುಂಡನ್ನೇ ಸ್ಕ್ರೂ ಹಾಕಿ ಕೂರಿಸಿದ್ದರೆ ಅಷ್ಟೇ ಕಾಲ, ಸೈನಸ್ ಎತ್ತಿಸಿದ್ದರೆ ಆರರಿಂದ ಒಂಬತ್ತು ತಿಂಗಳು. ಹೊರಗೆ ಒಸಡು ಮೂರು ವಾರಕ್ಕೆ ಗುಲಾಬಿ ಬಣ್ಣಕ್ಕೆ ತಿರುಗಿ ಎಲ್ಲ ಸರಿಹೋದಂತೆ ಕಾಣುವುದರಿಂದ ಈ ಅವಧಿ ವಿನಾಕಾರಣ ಎಂದೆನಿಸುತ್ತದೆ. ಒಳಗೆ ಆಗ ರಕ್ತನಾಳಗಳು ಕಣಗಳ ನಡುವೆ ಇನ್ನೂ ನುಗ್ಗುತ್ತಿರುತ್ತವೆ. ಅವುಗಳ ಹಿಂದೆಯೇ ಬರುವ ಕೋಶಗಳು ಮೊದಲು ಒರಟಾದ ಮೂಳೆ ನೇಯ್ದು, ಆಮೇಲೆ ಅದನ್ನು ಪದರ ಪದರವಾಗಿ ಗಟ್ಟಿಗೊಳಿಸುತ್ತವೆ. ಎಕ್ಸ್‌ರೇಯಲ್ಲಿ ಬೆಳ್ಳಗೆ ಕಂಡದ್ದೆಲ್ಲ ಹೊಸ ಮೂಳೆಯಲ್ಲ, ತುಂಬಿದ ಪುಡಿಯೂ ಬೆಳ್ಳಗೇ ಕಾಣುತ್ತದೆ. ವಿದೇಶದಿಂದ ರಜೆಗೆ ಬರುವ ಕನ್ನಡಿಗರು ‘ಮೂರು ವಾರದಲ್ಲಿ ಎಲ್ಲ ಮುಗಿಸಿಕೊಡಿ’ ಎಂದು ಕೇಳುವುದುಂಟು. ಎರಡು ರಜೆಗಳಿಗೆ ಹಂಚಿಕೊಂಡರೆ, ಮೊದಲ ಸಲ ಬಂದಿಳಿದ ಕೂಡಲೇ ಗ್ರಾಫ್ಟ್ ಮಾಡಿಸಿ ಹೊಲಿಗೆ ಬಿಚ್ಚಿಸಿಕೊಂಡೇ ಹೊರಟರೆ, ಈ ಕಾಯುವಿಕೆ ತಾನಾಗಿಯೇ ಕಳೆಯುತ್ತದೆ.

ಖರ್ಚನ್ನು ಕೇಳುವಾಗ ಸ್ಕ್ಯಾನ್, ಪುಡಿ, ಪೊರೆ, ಶಸ್ತ್ರಚಿಕಿತ್ಸೆ, ಇಂಪ್ಲಾಂಟ್, ಮೇಲಿನ ಹಲ್ಲು ಎಂದು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಗ್ರಾಫ್ಟ್ ಹಿಡಿಯದಿದ್ದರೆ ಮರುಚಿಕಿತ್ಸೆಯ ವೆಚ್ಚ ಯಾರದೆಂಬುದನ್ನೂ ಕೇಳಿ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು, ಮಣಿಪಾಲದ ಕಾಲೇಜು ಮುಂತಾದ ಬೋಧನಾ ಸಂಸ್ಥೆಗಳ ಹೊರರೋಗಿ ವಿಭಾಗಗಳಲ್ಲಿ ವಿಚಾರಿಸುವುದು ಲಾಭದಾಯಕ. ಸಮಯ ಹೆಚ್ಚು ಹಿಡಿಯುತ್ತದೆ, ಆದರೆ ಒಸಡು, ಶಸ್ತ್ರಚಿಕಿತ್ಸೆ, ಕೃತಕ ಹಲ್ಲು, ಮೂರೂ ವಿಭಾಗದವರು ಒಂದೇ ಕಟ್ಟಡದಲ್ಲಿ ಸಿಗುತ್ತಾರೆ. ಮೂಳೆ ಕಟ್ಟಿಸುವುದು ಅನಿವಾರ್ಯವೇ ಎಂದೂ ಕೇಳಿ. ಆರು ಮಿಲಿಮೀಟರ್ ಉದ್ದದ ಗಿಡ್ಡ ಇಂಪ್ಲಾಂಟ್‌ಗಳು, ಪಕ್ಕದ ಹಲ್ಲುಗಳಿಗೆ ಆತು ನಿಲ್ಲುವ ಬ್ರಿಡ್ಜ್, ಚೆನ್ನಾಗಿ ಕೂತ ಸೆಟ್ ಇವು ಎಷ್ಟೋ ಮಂದಿಗೆ ಸಾಕಾಗುತ್ತವೆ.

ಹುಟ್ಟಿನಿಂದಲೇ ಸೀಳುತುಟಿ, ಸೀಳಂಗುಳವಿರುವ ಮಕ್ಕಳ ದವಡೆಯ ಬಿರುಕಿಗೆ ಮೂಳೆ ತುಂಬುವ ಲೆಕ್ಕಾಚಾರ ಬೇರೆ. ಅದಕ್ಕೆ ಸೊಂಟದ ಮೆದು ಮೂಳೆಯನ್ನೇ ಸಾಮಾನ್ಯವಾಗಿ ಬಳಸುತ್ತಾರೆ, ಮತ್ತು ಬಿರುಕಿನ ಪಕ್ಕದ ಕೋರೆಹಲ್ಲು ಇಳಿಯುವ ಮೊದಲು, ಸುಮಾರು 8ರಿಂದ 11 ವರ್ಷದೊಳಗೆ ಮಾಡಿಸಬೇಕು. ಆಗ ಆ ಹಲ್ಲು ಹೊಸ ಮೂಳೆಯ ಮೂಲಕವೇ ಇಳಿದು ಅದನ್ನು ಉಳಿಸಿಕೊಳ್ಳುತ್ತದೆ. ಧಾರವಾಡದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿನಲ್ಲಿ ಇಂಥ ಮಕ್ಕಳಿಗಾಗಿಯೇ ಪ್ರತ್ಯೇಕ ಘಟಕವಿದೆ. ಬಾಯಿ ಕ್ಯಾನ್ಸರಿನಿಂದ ದವಡೆಯ ಭಾಗವನ್ನೇ ತೆಗೆದಾಗ ಪುಡಿಯೂ ಪೊರೆಯೂ ಸಾಲವು. 1989ರಿಂದ ಬಳಕೆಗೆ ಬಂದ ವಿಧಾನದಂತೆ ಮೊಣಕಾಲಿನ ಕೆಳಗಿನ ಫಿಬ್ಯುಲಾ ಮೂಳೆಯನ್ನು ಅದರ ರಕ್ತನಾಳದೊಡನೆ ತಂದು, ಕತ್ತಿನ ರಕ್ತನಾಳಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿದು ಹೊಸ ದವಡೆ ಕಟ್ಟುತ್ತಾರೆ.

ಏಳನೆಯ ಹೆಜ್ಜೆ: ಇಂಪ್ಲಾಂಟ್, ಮತ್ತು ಆಮೇಲಿನ ನೋಡಿಕೊಳ್ಳುವಿಕೆ

ಕಾಯುವ ಅವಧಿ ಮುಗಿದ ಮೇಲೆ ಮತ್ತೊಮ್ಮೆ ಸ್ಕ್ಯಾನ್ ಮಾಡಿ, ಹಳೆಯದರ ಪಕ್ಕದಲ್ಲಿಟ್ಟು ಅಳತೆ ಹೋಲಿಸಿ ನೋಡುತ್ತಾರೆ. ಇಂಪ್ಲಾಂಟ್ ಕೂರಿಸಿದ ಬಳಿಕವೂ ಅದನ್ನು ಮೂಳೆ ಹಿಡಿದುಕೊಳ್ಳಲು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು ಬೇಕು. ಆಮೇಲೆ ಮೇಲಿನ ಹಲ್ಲು ಬರುತ್ತದೆ. ಆ ಹಲ್ಲಿಗೆ ಹುಳುಕು ಹಿಡಿಯುವುದಿಲ್ಲವಾದರೂ ಸುತ್ತಲಿನ ಒಸಡಿಗೆ ಸೋಂಕು ತಗಲಿದರೆ ಕಟ್ಟಿದ ಮೂಳೆ ಮತ್ತೆ ಕರಗುತ್ತದೆ, ಮತ್ತು ಆರಂಭದಲ್ಲಿ ನೋವೇ ಇರುವುದಿಲ್ಲ. ಹಲ್ಲಿನ ಸಂದಿಗೆ ಹೋಗುವ ಸಣ್ಣ ಬ್ರಷ್‌ನಿಂದ ದಿನಕ್ಕೊಮ್ಮೆ ಶುಚಿ ಮಾಡಿಕೊಳ್ಳುವುದನ್ನು ವೈದ್ಯರ ಎದುರಿಗೇ ಮಾಡಿ ತೋರಿಸಿ ಕಲಿಯಿರಿ. ಹಲ್ಲು ಕೂರಿಸಿದ ದಿನ ತೆಗೆದ ಎಕ್ಸ್‌ರೇಯ ಪ್ರತಿಯನ್ನು ಪುಡಿ ಮತ್ತು ಪೊರೆಯ ಚೀಟಿಗಳಿರುವ ಅದೇ ಕಡತದಲ್ಲಿ ಇಟ್ಟುಕೊಳ್ಳಿ. ಮುಂದೆ ಊರು ಬದಲಾಗಿ ಬೇರೆ ವೈದ್ಯರ ಬಳಿ ಹೋದಾಗ, ಮೂಳೆಯ ಮಟ್ಟ ಇಳಿದಿದೆಯೇ ಇಲ್ಲವೇ ಎಂದು ಅವರು ಹೇಳಬಲ್ಲದ್ದು ಆ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ.